ಬೀರುವಿನಲ್ಲಿ ಕೂತ ಕಣ್ಣಿನ ಕ್ಯಾಮೆರಾ

ಕಣ್ಣು ಉಳಿಸುವ ಯಂತ್ರವೊಂದನ್ನು ಬೀರುವಿನೊಳಗಿಟ್ಟು ಬೀಗ ಹಾಕಿದರು. ಇದು ತಪ್ಪು. ಎಂಟು ತಿಂಗಳು ಆ ಬೀಗ ಹಾಗೇ ಇತ್ತು. ಯಾವ ಆರೋಗ್ಯ ಕೇಂದ್ರ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಹೆಬ್ಬಾಳದಿಂದ ಯಲಹಂಕದವರೆಗೆ ಉಳಿದ ಕೇಂದ್ರದವರೆಲ್ಲ ‘ಸದ್ಯ, ನಮ್ಮದಲ್ಲ’ ಎಂದು ಕಾಫಿ ಕುಡಿಯಲು ಹೊರಟುಬಿಡುತ್ತಾರೆ.

ನಮ್ಮಲ್ಲಿ ಹೊಸ ಯಂತ್ರ ಬಂದಾಗಲೆಲ್ಲ ಹೀಗೇ ಆಗುತ್ತದೆ. ಟಿವಿ ರಿಮೋಟಿನ ಪ್ಲಾಸ್ಟಿಕ್ ಕವರು ತೆಗೆಯುವುದಿಲ್ಲ. ಕವರು ಮಾಸಿ ಗುಂಡಿ ಕಾಣದೇ ಹೋದರೆ ಅದರ ಮೇಲೆ ಪೆನ್ನಿನಲ್ಲಿ ನಂಬರು ಬರೆಯುತ್ತೇವೆ. ಎಲ್ಲೋ ಯಾರೋ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಒಂದು ವಸ್ತು ಕಂಡುಹಿಡಿಯುತ್ತಾರೆ, ನಾವು ಅದನ್ನು ಧೂಳಿನಿಂದ ಕಾಪಾಡುತ್ತೇವೆ.

ನಾನು ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸಿದವನು. ಎಸ್ಸೆಸ್ಸೆಲ್ಸಿ ದಾಟಲಿಲ್ಲ. ಓದಿದ್ದೆಲ್ಲ ಲೈಬ್ರರಿಯಲ್ಲಿ, ಪೇಪರಿನಲ್ಲಿ, ಸೀನಿಯರ್ ಟರ್ನರ್‌ಗಳ ಭುಜದ ಹಿಂದೆ ನಿಂತು. ಈ ಕಣ್ಣಿನ ಕ್ಯಾಮೆರಾದ ವಿಷಯ ಓದಿದಾಗ ನನಗೆ ಎದ್ದು ನಿಂತು ಸಲಾಂ ಹೊಡೆಯಬೇಕು ಅನ್ನಿಸಿತು. ಸಕ್ಕರೆ ಕಾಯಿಲೆಯವರಿಗೆ ಕಣ್ಣಿನ ಹಿಂಭಾಗದ ಪರದೆಯಲ್ಲಿ ಸಣ್ಣ ರಕ್ತನಾಳಗಳು ಸೋರತೊಡಗುತ್ತವೆ. ನೋವಿಲ್ಲ, ಉರಿಯಿಲ್ಲ. ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಅದನ್ನು ನೋಡಲು ಮೊದಲೆಲ್ಲ ಮೇಜಿನಷ್ಟು ದೊಡ್ಡ ಯಂತ್ರ ಬೇಕು, ಕಣ್ಣಿಗೆ ಡ್ರಾಪ್ಸ್ ಹಾಕಿ ಗಂಟೆಗಟ್ಟಲೆ ಕೂರಿಸಬೇಕು, ಅದನ್ನೇ ಓದಿದ ಡಾಕ್ಟರು ಬೇಕು. ಈಗ ಮಿಕ್ಸಿ ಜಾರಿನಷ್ಟು ಗಾತ್ರದ ಕ್ಯಾಮೆರಾ ಸಾಕು. ಡ್ರಾಪ್ಸ್ ಇಲ್ಲ. ನರ್ಸ್ ಚಿತ್ರ ತೆಗೆಯುತ್ತಾರೆ, ಒಳಗಿನ ಕೃತಕ ಬುದ್ಧಿಮತ್ತೆ ಅಲ್ಲೇ ಹೇಳುತ್ತದೆ: ಪರವಾಗಿಲ್ಲ, ಅಥವಾ ಡಾಕ್ಟರನ್ನು ನೋಡಿ. ದೊಡ್ಡ ದೊಡ್ಡ ಡಾಕ್ಟರುಗಳು ಗುರುತು ಹಾಕಿಕೊಟ್ಟ ಸಾವಿರಾರು ಕಣ್ಣಿನ ಚಿತ್ರ ನೋಡಿ ನೋಡಿ ಅದು ಕಲಿತಿದೆಯಂತೆ. ನಾನು ಲೇತ್ ಕಲಿತದ್ದೂ ಹಾಗೆಯೇ. ಅದಕ್ಕೇ ನನಗೆ ಅದರ ಮೇಲೆ ಒಂದು ಬಗೆಯ ಅಣ್ಣತಮ್ಮಂದಿರ ಅಭಿಮಾನ.

ಅಭಿಮಾನ ಇರಲಿ, ಅವಸರವೂ ಇತ್ತು. ನಮ್ಮದು ಸಿಂಗಾಪುರ, ವಿದೇಶದ್ದಲ್ಲ, ಬೆಂಗಳೂರಿನ ಯಲಹಂಕದ ಈಚೆಗಿನದು. ಅಲ್ಲಿ ನಮ್ಮ ಮನೆಯ ಕೆಳಗೇ ಒಂದು ಹೊಲಿಗೆ ಅಂಗಡಿ. ಅದನ್ನು ನಡೆಸುವವರನ್ನು ಇಡೀ ಬೀದಿ ಟೈಲರಮ್ಮ ಎನ್ನುತ್ತದೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ನಾನು ಹಾಲು ತರಲು ಇಳಿದಾಗ, “ಅಣ್ಣಾ, ಈ ಸೂಜಿಗೆ ಸ್ವಲ್ಪ ದಾರ ಪೋಣ್ಸಿಕೊಡಿ” ಅನ್ನುತ್ತಿದ್ದರು. ಮೊದಲು ಒಂದು ಸೂಜಿ. ಆಮೇಲೆ ಮೂರು. ಆಮೇಲೆ ಒಂದು ಸಾಲು ಸೂಜಿಗಳನ್ನು ದಿಂಬಿಗೆ ಚುಚ್ಚಿ ನನಗಾಗಿಯೇ ಇಟ್ಟಿರುತ್ತಿದ್ದರು. “ಕಣ್ಣು ತೋರಿಸ್ಕೊಳಮ್ಮಾ” ಅಂದರೆ, “ಡ್ರಾಪ್ಸ್ ಹಾಕಿದ್ರೆ ಒಂದಿನ ಪೂರ್ತಿ ಹೊಲಿಯಕ್ಕಾಗಲ್ಲ ಅಣ್ಣ. ಅಲ್ದೆ ಟೈಲರಮ್ಮಂಗೆ ಕಣ್ಣು ಹೋಗಿದೆ ಅಂತ ಬೀದಿಗೆ ಗೊತ್ತಾದ್ರೆ ಯಾರು ಬ್ಲೌಸ್ ಕೊಡ್ತಾರೆ?” ಎನ್ನುತ್ತಿದ್ದರು. ಆಕೆಯ ಹೊಟ್ಟೆಪಾಡು ಆ ಎರಡು ಕಣ್ಣಿನ ಮೇಲೆ ನಿಂತಿತ್ತು. ಕಣ್ಣು ಸೋರುತ್ತಿದೆಯೋ ಇಲ್ಲವೋ ಹೇಳಬಲ್ಲ ಯಂತ್ರ ನಡೆದು ಹೋಗುವಷ್ಟು ದೂರದಲ್ಲಿ ಬೀಗದೊಳಗಿತ್ತು.

ಒಂದೂ ಕಂಪ್ಲೇಂಟ್ ಇಲ್ಲ

ಯಂತ್ರ ಅಲ್ಲಿದೆ ಎಂದು ನನಗೆ ಹೇಳಿದ್ದು ಕೇಂದ್ರದಲ್ಲಿ ಕಸ ಗುಡಿಸುವ ಆಯಮ್ಮ, ನನ್ನ ಕೈಯಲ್ಲಿದ್ದ ಪೇಪರಿನ ಚಿತ್ರ ನೋಡಿ. “ಪೇಪರ್‌ನಾಗೆ ಇರೋದು ಇದೇ ಅಲ್ವಾ ಸಾಮಿ? ನಮ್ ಬೀರುನಾಗೇ ಐತೆ. ಮ್ಯಾಲಿನ ಅರೆ.”

ನೇರ ಹೋದೆ. ಸ್ಟೋರ್ ನೋಡಿಕೊಳ್ಳುವ ಗುಮಾಸ್ತರು ಸಭ್ಯರು. ಬೀಗ ತೆಗೆದು ತೋರಿಸಿದರು. ಯಂತ್ರ ಡಬ್ಬದಲ್ಲಿ, ಡಬ್ಬ ಪ್ಲಾಸ್ಟಿಕ್ಕಿನಲ್ಲಿ, ಪ್ಲಾಸ್ಟಿಕ್ಕಿನ ಮೇಲೆ ಹಳೆಯ ಬೆಡ್‌ಶೀಟು.

“ಯಾಕೆ ಸ್ವಾಮಿ ಹೊರಗೆ ತೆಗೆದಿಲ್ಲ?”

“ಸೂಕ್ಷ್ಮ ವಸ್ತು ಸಾರ್. ಉಪಯೋಗಿಸಿದ್ರೆ ಹಾಳಾಗುತ್ತೆ.”

“ಉಪಯೋಗಿಸೋಕೇ ಅಲ್ವಾ ಕೊಟ್ಟಿದ್ದು?”

“ಕೊಟ್ಟಿರೋದು ಉಪಯೋಗಿಸೋಕೇ ಸಾರ್. ಆದ್ರೆ ಹಾಳಾದ್ರೆ ಉತ್ತರ ಕೊಡ್ಬೇಕಾಗಿರೋದು ನಾನು. ಉಪಯೋಗ್ಸಿಲ್ಲ ಅಂದ್ರೆ ಯಾರೂ ಉತ್ತರ ಕೇಳಲ್ಲ.”

“ನಾನು ಕೇಳ್ತಾ ಇದೀನಲ್ಲ.”

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಇಷ್ಟು ದಿನದಲ್ಲಿ ಇಂಥ ಪರಿಸ್ಥಿತಿ ಅವರಿಗೆ ಬಂದಿರಲಿಲ್ಲ ಎಂದು ಕಾಣುತ್ತದೆ. ಆಮೇಲೆ ಡಬ್ಬದ ಮೇಲಿನ ಬೆಡ್‌ಶೀಟನ್ನು ಮಗುವಿಗೆ ಹೊದಿಸುವ ಹಾಗೆ ಸರಿ ಮಾಡುತ್ತಾ, ನಿಜವಾದ ಹೆಮ್ಮೆಯಿಂದ ಹೇಳಿದರು: “ಒಂದು ಮಾತ್ರ ನಿಜ ಸಾರ್. ಬಂದಾಗಿನಿಂದ ಒಂದೇ ಒಂದು ಕಂಪ್ಲೇಂಟ್ ಇಲ್ಲ. ಅಷ್ಟು ಒಳ್ಳೆ ಮಿಷನ್ನು.”

ಸ್ಟೀಲ್ ಬಾಟಲಿಯ ತಪಾಸಣೆ

ಹಾಳಾಗುವ ಭಯ ಒಂದು ಕಾರಣ. ಇನ್ನೊಂದು ಕಾರಣವನ್ನು ಗುಮಾಸ್ತರು ಆಮೇಲೆ ಬಾಯಿ ಬಿಟ್ಟರು. ಈ ಯಂತ್ರ ನಡೆಸುವ ತರಬೇತಿ ಪಡೆದ ನರ್ಸ್ ಒಬ್ಬರಿದ್ದರು. ತರಬೇತಿ ಮುಗಿದ ವಾರವೇ ಅವರನ್ನು ಬೇರೆ ಕೇಂದ್ರಕ್ಕೆ ವರ್ಗ ಮಾಡಿದರು. ಕಲಿತವರು ಯಂತ್ರ ಇಲ್ಲದ ಕಡೆ, ಯಂತ್ರ ಕಲಿತವರಿಲ್ಲದ ಕಡೆ.

ಯಲಹಂಕದ ಆಚೆ ಹೋಗಿ ಅವರನ್ನು ಹುಡುಕಿದೆ. ಬಾಗಲಕೋಟೆ ಕಡೆಯವರು, ಮೂವತ್ತರ ಆಸುಪಾಸು. ನಾನು ಒಳಗೆ ಹೋದಾಗ ಅವರು ಮಾಡುತ್ತಿದ್ದ ಕೆಲಸ ನೋಡಿ ಬಾಗಿಲಲ್ಲೇ ನಿಂತೆ. ಜೊತೆಯ ನರ್ಸೊಬ್ಬರನ್ನು ಸ್ಟೂಲಿನ ಮೇಲೆ ಕೂರಿಸಿ, ಸ್ಟೀಲಿನ ನೀರಿನ ಬಾಟಲಿಯೊಂದನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು, ಅದರ ಬಾಯನ್ನು ಅವರ ಕಣ್ಣಿನ ಹತ್ತಿರ ಒಯ್ದು, ಉಸಿರು ಬಿಗಿಹಿಡಿದು, “ಅಲುಗಾಡಬ್ಯಾಡ್ರಿ… ಹಾಂ… ಆತು” ಅನ್ನುತ್ತಿದ್ದರು.

“ಇದೇನಮ್ಮ?”

“ಪ್ರಾಕ್ಟೀಸ್ ರೀ. ಯಂತ್ರ ಇಲ್ಲಂದ್ರ ಕೈ ಮರೀತೈತಿ. ಅದರ ತೂಕಾನೂ ಇಷ್ಟ ಐತಿ, ನೀರು ಅರ್ಧ ತುಂಬಿದ್ರ ಬರೋಬರಿ ಆಗ್ತೈತಿ. ದಿನಾ ಊಟದ ಬಿಡುವಿನಾಗ ಹತ್ತು ಕಣ್ಣು ನೋಡ್ತೀನ್ರಿ.”

ಈ ದೇಶದಲ್ಲಿ ವಿಜ್ಞಾನ ಬದುಕಿರುವುದು ಪ್ರಯೋಗಶಾಲೆಯಲ್ಲಿ ಎಷ್ಟೋ, ಇಂಥ ಅರ್ಧ ತುಂಬಿದ ನೀರಿನ ಬಾಟಲಿಯಲ್ಲೂ ಅಷ್ಟೇ. ಆಕೆಗೆ ಟೈಲರಮ್ಮನ ವಿಷಯ ಹೇಳಿದೆ, ಬೀರುವಿನ ವಿಷಯ ಹೇಳಿದೆ, ಗುಮಾಸ್ತರ ವಿಷಯ ಹೇಳುವಾಗ ದನಿ ಏರಿತು. ಮೇಜು ಕುಟ್ಟಿದೆ. ಆಕೆ ಪೂರ್ತಿ ಕೇಳಿದರು. ಆಮೇಲೆ, “ಕುಂದರ್ರಿ ಕಾಕಾ” ಅಂದು ನನ್ನನ್ನು ಅದೇ ಸ್ಟೂಲಿನ ಮೇಲೆ ಕೂರಿಸಿ, ಬಾಟಲಿಯನ್ನು ನನ್ನ ಕಣ್ಣಿಗೆ ಹಿಡಿದು, ಗಂಭೀರವಾಗಿ ನೋಡಿ ಹೇಳಿದರು: “ಸಿಟ್ಟು ಒಂದ ಕಾಣಸಾಕತ್ತೈತ್ರಿ. ಅದಕ್ಕ ಡ್ರಾಪ್ಸ್ ಬಂದಿಲ್ಲ ಇನ್ನೂ.”

ಎರಡು ಫೈಲು

ಮೇಲಿನ ಕಚೇರಿಗೆ ಅರ್ಜಿ ಕೊಟ್ಟೆ. ಒಂದೇ ಸಾಲು: ನರ್ಸನ್ನು ಯಂತ್ರದ ಹತ್ತಿರ ಕಳಿಸಿ, ಇಲ್ಲವೇ ಯಂತ್ರವನ್ನು ನರ್ಸ್ ಹತ್ತಿರ ಕಳಿಸಿ. ಅಧಿಕಾರಿ ಓದಿ, “ಇದರಲ್ಲಿ ಎರಡು ವಿಷಯ ಇದೆ. ಸಿಬ್ಬಂದಿ ಬೇರೆ ಫೈಲು, ಸಾಮಗ್ರಿ ಬೇರೆ ಫೈಲು. ಎರಡು ಅರ್ಜಿ ಕೊಡಿ” ಅಂದರು.

ಎರಡು ಅರ್ಜಿ ಕೊಟ್ಟೆ. ತಿಂಗಳುಗಟ್ಟಲೆ ಏನೂ ಇಲ್ಲ. ಪ್ರತಿ ಸೋಮವಾರ ಹೋಗಿ ಅವರ ಬಾಗಿಲ ಮುಂದೆ ಕೂತೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಕೊನೆಗೆ ನನ್ನ ಮುಖ ನೋಡಲಾರದೆ ಎರಡು ಫೈಲಿನವರೂ ಒಂದೇ ದಿನ ಸಹಿ ಹಾಕಿದರು. ಒಬ್ಬರಿಗೊಬ್ಬರು ಹೇಳಲಿಲ್ಲ.

ನರ್ಸ್ ಬೆಳಿಗ್ಗೆ ಬಸ್ಸು ಹತ್ತಿ ನಮ್ಮ ಕೇಂದ್ರಕ್ಕೆ ಬಂದರು. ಗುಮಾಸ್ತರು ಆದೇಶದ ಪ್ರಕಾರ ಯಂತ್ರವನ್ನು, ಬೆಡ್‌ಶೀಟಿನ ಸಮೇತ, ಜೀಪಿನಲ್ಲಿ ಯಲಹಂಕದ ಆಚೆಗೆ ಕಳಿಸಿದ್ದರು. ನಮ್ಮವರು ಚಂದ್ರನ ದಕ್ಷಿಣ ಧ್ರುವದ ಹತ್ತಿರ, ಯಾರೂ ಇಳಿಯದ ಕಡೆ, ಹೂವಿಟ್ಟ ಹಾಗೆ ನೌಕೆ ಇಳಿಸಿದವರು. ಆ ದಿನ ಚಹಾ ಅಂಗಡಿಯ ಮುಂದೆ ನಿಂತು ನೋಡಿ ಕಣ್ಣೊರೆಸಿಕೊಂಡವನು ನಾನು. ಅಂಥ ನಾಡಿನಲ್ಲಿ ಒಬ್ಬ ನರ್ಸು, ಒಂದು ಯಂತ್ರ ಬಳ್ಳಾರಿ ರಸ್ತೆಯಲ್ಲಿ ಎದುರುಬದುರು ಹಾದುಹೋದವು.

“ಯಂತ್ರ ಎಲ್ಲೈತ್ರಿ?” ಅಂದರು ನರ್ಸ್, ಬ್ಯಾಗು ಇಳಿಸುತ್ತಾ.

ಗುಮಾಸ್ತರು ಗಡಿಯಾರ ನೋಡಿದರು. “ನಿಮ್ಮನ್ನ ಹುಡುಕ್ಕೊಂಡು ಹೋಗಿದೆ ಮೇಡಂ. ಇಷ್ಟೊತ್ತಿಗೆ ತಲುಪಿರ್ಬೇಕು.”

ಹಣೆ ಯಾವುದು?

ಯಂತ್ರ ವಾಪಸ್ಸು ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಹಬ್ಬ ಮುಗಿಸಿ ಮೊದಲ ತಪಾಸಣೆ ಎಂದು ಗೊತ್ತು ಮಾಡಿದೆವು. ನಾನೇ ಬೀದಿ ಬೀದಿ ತಿರುಗಿ ಜನ ಸೇರಿಸಿದೆ. ಟೈಲರಮ್ಮ ಮಾತ್ರ, “ನೀವು ಹೋಗಿ ಅಣ್ಣ, ನಂಗೆ ಮದುವೆ ಬ್ಲೌಸ್‌ಗಳಿದಾವೆ” ಎಂದು ತಲೆ ಎತ್ತಲಿಲ್ಲ.

ಮೊದಲ ಕಣ್ಣು. ಯಂತ್ರ ಹೇಳಿತು: ಚಿತ್ರ ಸ್ಪಷ್ಟವಿಲ್ಲ, ಮತ್ತೆ ತೆಗೆಯಿರಿ. ಎರಡನೆಯ ಕಣ್ಣು: ಸ್ಪಷ್ಟವಿಲ್ಲ. ಹತ್ತು ಜನ, ಇಪ್ಪತ್ತು ಕಣ್ಣು, ಒಂದೂ ಸ್ಪಷ್ಟವಿಲ್ಲ. ಸಾಲಿನಲ್ಲಿದ್ದವರೊಬ್ಬರು, “ಎಂಟು ತಿಂಗ್ಳು ಮಲಗಿತ್ತಲ್ಲ, ಇನ್ನೂ ನಿದ್ದೆ ಬಿಟ್ಟಿಲ್ಲ” ಅಂದರು. ಗುಮಾಸ್ತರು ನನ್ನನ್ನು ನೋಡಿದ ನೋಟದಲ್ಲಿ ‘ನಾನು ಹೇಳಲಿಲ್ಲವಾ’ ಎಂಬುದು ಪೂರ್ತಿ ಬರೆದಿತ್ತು. ಒಂದು ವೇಳೆ ನಿಜವಾಗಿಯೂ ಹಾಳಾಗಿದ್ದರೆ? ಮತ್ತೆ ಬೀರು, ಮತ್ತೆ ಬೀಗ, ಟೈಲರಮ್ಮನ ಸೂಜಿಯ ದಿಂಬು.

ನರ್ಸ್ ಯಂತ್ರವನ್ನು ತಿರುಗಿಸಿ ಅದರ ಮೂತಿ ನೋಡಿದರು. ಗಾಜಿನ ನಟ್ಟನಡುವೆ, ದುಂಡಗೆ, ಅಚ್ಚುಕಟ್ಟಾಗಿ ಒಂದು ಕುಂಕುಮದ ಬೊಟ್ಟು. ಕೆಳಗೆ ಒಂದಿಷ್ಟು ಗಂಧ.

ಆಯಮ್ಮ ಓಡಿ ಬಂದರು. ಪೂಜೆ ಮಾಡಿದ್ದು ಅವರೇ. ಫ್ರಿಜ್ಜಿಗೆ, ತೂಕದ ಯಂತ್ರಕ್ಕೆ, ಬಿಪಿ ನೋಡುವುದಕ್ಕೆ, ಎಲ್ಲಕ್ಕೂ ಇಟ್ಟಂತೆ ಇದಕ್ಕೂ ಇಟ್ಟಿದ್ದರು. ನಾನು ಪೂಜೆಯನ್ನು ಹಂಗಿಸುವವನಲ್ಲ. ಮೂವತ್ತು ವರ್ಷ ನನ್ನ ಲೇತಿಗೆ ನಾನೇ ಕುಂಕುಮ ಇಟ್ಟಿದ್ದೇನೆ. ಆದರೆ ಕಬ್ಬಿಣ ಕೊರೆಯುವ ತುದಿಗೆ ಇಡುವುದಿಲ್ಲ, ಮೇಲಿನ ಪೆಟ್ಟಿಗೆಗೆ ಇಡುತ್ತೇವೆ. ಅದನ್ನೇ ಹೇಳಿದೆ. “ಗಾಜಿಗೇ ಯಾಕಿಟ್ಟೆ ತಾಯಿ?”

ಆಯಮ್ಮ ಸೆರಗಿನ ತುದಿ ಹಿಂಡುತ್ತಾ ಅಂದರು: “ಎಲ್ಲಾ ಕಡೆ ತಿರುಗ್ಸಿ ತಿರುಗ್ಸಿ ನೋಡ್ದೆ ಸಾಮಿ. ಅಣೆ ಯಾವ್ದು ಅಂತ್ಲೇ ಗೊತ್ತಾಗ್ಲಿಲ್ಲ.”

ಒಳಗಿರುವ ಗಂಡಸು

ನರ್ಸ್ ಮೆತ್ತಗಿನ ಬಟ್ಟೆಯಲ್ಲಿ ಗಾಜು ಒರೆಸಿದ ಮೇಲೆ ಯಂತ್ರ ಓಡಿತು ನೋಡಿ, ಕಂಪ್ಯೂಟರಿನ ಪರದೆಯ ಮೇಲೆ ಕಣ್ಣಿನ ಒಳಗು ಮೂಡಿತು. ಕಿತ್ತಳೆ ಬಣ್ಣದ ಚಂದ್ರನ ಹಾಗೆ, ಅದರ ಮೇಲೆ ಬೇರು ಬಿಟ್ಟ ಹಾಗೆ ರಕ್ತನಾಳ. ಸಾಲಿನಲ್ಲಿದ್ದವರೆಲ್ಲ ಮುಂದೆ ಬಂದು ಬಗ್ಗಿ ನೋಡಿದರು. ನಮ್ಮೊಳಗೆ ಇಷ್ಟು ಚೆಂದದ್ದು ಇದೆಯಾ ಎಂದು.

ಯಂತ್ರಕ್ಕೆ ಕನ್ನಡವೂ ಬರುತ್ತದೆ. ಗಂಡಸಿನ ದನಿ. “ದಯವಿಟ್ಟು ಕಣ್ಣು ಅಗಲಿಸಿ. ಹಸಿರು ಬೆಳಕನ್ನು ನೋಡಿ. ಅಲುಗಾಡಬೇಡಿ” ಎನ್ನುತ್ತದೆ.

ಸಿಂಗಾಪುರದ ಹಳೇ ಊರಿನ ಅಜ್ಜಿಯೊಬ್ಬರು ಕೂತರು. ಆ ಬಡಾವಣೆಗಳೆಲ್ಲ ರಾಗಿ ಹೊಲ ಆಗಿದ್ದಾಗಿನಿಂದ ಅಲ್ಲಿರುವವರು. ಯಂತ್ರ ಮಾತಾಡಿದ್ದೇ ತಡ, ಅಜ್ಜಿ ಸರ್ರನೆ ಸೆರಗು ಎಳೆದು ಮುಖ ಮುಚ್ಚಿಕೊಂಡರು. ಪರದೆಯ ಮೇಲೆ ಸೆರಗಿನ ಚುಕ್ಕಿ ಡಿಸೈನು ಬಂತು.

“ಅಜ್ಜಿ, ಸೆರಗು ತೆಗೀರಿ.”

“ಒಳಗೆ ಗಂಡಸ್ರು ಅವ್ರೆ ಕಣವ್ವ.”

“ಯಾರೂ ಇಲ್ರಿ ಅಜ್ಜಿ, ಬರೇ ದನಿ ಐತಿ.”

“ದನಿ ಐತೆ ಅಂದ್ಮ್ಯಾಲೆ ಬಾಯಿ ಐತೆ. ಬಾಯಿ ಐತೆ ಅಂದ್ಮ್ಯಾಲೆ ಮನ್ಸ ಅವ್ನೆ. ನಂಗೆ ಇಂಗೆಲ್ಲ ಏಳ್ಕೊಡ್ಬ್ಯಾಡ.”

ಹತ್ತು ನಿಮಿಷ ಸಂಧಾನ ನಡೆಯಿತು. ಕೊನೆಗೆ ಅಜ್ಜಿ ಒಂದು ಕಣ್ಣಿನಷ್ಟೇ ಸೆರಗು ಸರಿಸಲು ಒಪ್ಪಿದರು. ಚಿತ್ರ ಬಂತು. ಯಂತ್ರ ತನ್ನ ಪಾಠ ಒಪ್ಪಿಸಿತು: “ನಿಮ್ಮ ಸಹಕಾರಕ್ಕೆ ಧನ್ಯವಾದಗಳು.”

ಅಜ್ಜಿ ಸೆರಗು ಕೆಳಗಿಟ್ಟರು. ಯಂತ್ರವನ್ನೇ ಸ್ವಲ್ಪ ಹೊತ್ತು ನೋಡಿದರು. “ನಮ್ಮನೇಲಿ ಐವತ್ ವರ್ಸದಾಗೆ ಒಬ್ಬ ಗಂಡ್ಸೂ ನಂಗೆ ಈ ಮಾತು ಅಂದಿಲ್ಲ ಕಣವ್ವ. ಇನ್ನೊಂದ್ ಕಣ್ಣೂ ನೋಡ್ಲಿ.”

ಸ್ವಲ್ಪ ಅಡ್ಜಸ್ಟ್

ಯಂತ್ರ ಕೆಲಸ ಶುರು ಮಾಡಿದ ಮೇಲೆ ಉದ್ಘಾಟನೆ ಬೇಡವೇ? ನಮ್ಮ ಕಡೆಯ ಮುಖಂಡರೊಬ್ಬರು ಹಾರ, ಕ್ಯಾಮೆರಾ, ಹಿಂಬಾಲಕರ ಜೊತೆ ಬಂದರು. ಫೋಟೋಗೆ ಚೆನ್ನಾಗಿರುತ್ತದೆ ಎಂದು ತಮ್ಮ ಕಣ್ಣನ್ನೇ ಮೊದಲು ಒಡ್ಡಿದರು. ಯಂತ್ರ ಬೇಗ ಉತ್ತರ ಕೊಟ್ಟಿತು: ಕೂಡಲೇ ಕಣ್ಣಿನ ವೈದ್ಯರನ್ನು ಕಾಣಿ.

ಒಬ್ಬ ಹಿಂಬಾಲಕ ಮುಂದೆ ಬಂದ. “ಸಿಸ್ಟರ್, ಅಣ್ಣಂಗೆ ಹಿಂಗೆಲ್ಲ ಬರಲ್ಲ. ಇನ್ನೊಂದ್ಸಲ ನೋಡಿ.”

ನೋಡಿದರು. ಅದೇ ಉತ್ತರ.

“ಸ್ವಲ್ಪ ಅಡ್ಜಸ್ಟ್ ಮಾಡಿ ಸಿಸ್ಟರ್. ಯಾರ ಹತ್ರ ಮಾತಾಡ್ಬೇಕು ಹೇಳಿ, ಈಗ್ಲೇ ಫೋನ್ ಹಾಕ್ತೀನಿ.”

“ಯಾರ್ಗೂ ಫೋನ್ ಹಚ್ಚಬ್ಯಾಡ್ರಿ. ಇದಕ್ಕ ಯಾರ ಪರಿಚಯಾನೂ ಇಲ್ರಿ.”

ಆ ಮಾತು ಕೇಳಿ ನನಗೆ ಯಂತ್ರವನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಎಷ್ಟು ವರ್ಷದಿಂದ ಕಚೇರಿ ಕಚೇರಿಯಲ್ಲಿ ಅಂಥ ಒಬ್ಬರನ್ನು ಹುಡುಕುತ್ತಿದ್ದೆ ನಾನು!

ಹಿಂಬಾಲಕ ಸೋಲೊಪ್ಪಲಿಲ್ಲ. “ಸರಿ, ಅಣ್ಣನ ಬದಲು ನಾನು ಕೂತ್ಕೋತೀನಿ. ನನ್ ಕಣ್ಣು ಹದ್ದಿನ್ ಕಣ್ಣು. ಅದೇ ರಿಪೋರ್ಟ್ ಅಣ್ಣನ ಹೆಸ್ರಿಗೆ ಬರ್ಕೊಳ್ಳಿ.” ನರ್ಸ್, “ಬರೆಯೂದು ನಿಮ್ಮ ಹೆಸರಿಗೇ ರೀ” ಎಂದು ಹೇಳಿಯೇ ಚಿತ್ರ ತೆಗೆದರು. ಅವನ ಎರಡೂ ಕಣ್ಣಿನಲ್ಲಿ ಸೋರಿಕೆ ಇತ್ತು. ಅಣ್ಣನಿಗಿಂತ ಜಾಸ್ತಿ. ಅವನಿಗೆ ಸಕ್ಕರೆ ಕಾಯಿಲೆ ಇದೆ ಎಂದೇ ಗೊತ್ತಿರಲಿಲ್ಲ.

ಮುಖಂಡರು ಹಾರ ತೆಗೆದು ಮೇಜಿನ ಮೇಲಿಟ್ಟು, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಐದು ವರ್ಷದಿಂದ ನನ್ ಕಾರ್ ಓಡಿಸ್ತಿರೋನು ಇವನೇ ಕಣ್ರೀ.”

ಹೇಳಲೇಬೇಕು, ಇಬ್ಬರೂ ಮರುದಿನವೇ ಆಸ್ಪತ್ರೆಗೆ ಹೋದರು. ಆಟೋದಲ್ಲಿ.

ಹೊಸ ಡಿಸೈನು

ಮುಖಂಡರು ಬಂದು ಹೋದ ಮೇಲೆ ಗುಮಾಸ್ತರಿಗೆ ಯಂತ್ರದ ಮೇಲೆ ಗೌರವ ಇಮ್ಮಡಿಯಾಯಿತು. ರಾತ್ರಿ ಮುಚ್ಚಿಡಲು ಒಂದು ವೆಲ್ವೆಟ್ ಕವರು ಹೊಲಿಸಬೇಕು, ಅಂಚಿಗೆ ಜರಿ ಇರಬೇಕು ಎಂದು ಹಠ ಹಿಡಿದರು. ನನಗೆ ಮೊದಲ ಬಾರಿ ಕವರಿನ ಮೇಲೆ ಪ್ರೀತಿ ಬಂತು. “ನಮ್ಮ ಟೈಲರಮ್ಮ ಹೊಲಿದುಕೊಡ್ತಾರೆ. ಆದ್ರೆ ಅಳತೆ ತಗೊಳ್ಳೋಕೆ ಅವ್ರೇ ಬರ್ಬೇಕು” ಅಂದೆ.

ಕೆಲಸ ಅಂದರೆ ಟೈಲರಮ್ಮ ಇಲ್ಲ ಅನ್ನುವವರಲ್ಲ. ಕೊರಳಿಗೆ ಟೇಪು ಹಾಕಿಕೊಂಡು ಬಂದರು. ಯಂತ್ರದ ಸುತ್ತ ಟೇಪು ಹಿಡಿದರು. ನಂಬರು ಓದಲು ಟೇಪನ್ನು ಮೂಗಿಗೆ ತಾಗಿಸಿದರು, ಬೆಳಕಿಗೆ ತಿರುಗಿಸಿದರು, ಮತ್ತೆ ಮೂಗಿಗೆ ತಂದರು. ನರ್ಸ್ ನೋಡುತ್ತಿದ್ದರು. ನನ್ನನ್ನು ಕಣ್ಣಲ್ಲೇ ಹೊರಗೆ ಕಳಿಸಿದರು. ನಾನು ಕಿಟಕಿಯ ಹತ್ತಿರ ನಿಂತೆ. ಕೇಳಬಾರದಿತ್ತು, ಕೇಳಿಸಿಕೊಂಡೆ.

“ಅಕ್ಕಾರ, ನೀವು ಅದರ ಅಳತಿ ತಗೊಂಡ್ರಿ. ನೀವು ಹೂಂ ಅಂದ್ರ ಅದೂ ನಿಮ್ಮ ಅಳತಿ ತಗೋತೈತಿ.”

“ಎಷ್ಟು ಹೊತ್ತಾಗುತ್ತೆ?”

“ಬ್ಲೌಸಿಗೆ ಹುಕ್ ಹಚ್ಚೂವಷ್ಟ ಹೊತ್ತು.”

“ಡ್ರಾಪ್ಸು?”

“ಇಲ್ರಿ.”

ಆಮೇಲೆ ಟೈಲರಮ್ಮನ ದನಿ, ಇಷ್ಟು ವರ್ಷದಲ್ಲಿ ನಾನು ಕೇಳದಷ್ಟು ಸಣ್ಣದಾಗಿ: “ಬೀದೀಲಿ ಯಾರಿಗೂ ಹೇಳಲ್ಲ ತಾನೇ?”

“ಯಂತ್ರಕ್ಕ ನಿಮ್ಮ ಓಣಿ ಗೊತ್ತಿಲ್ರಿ. ನನಗ ಗೊತ್ತೈತಿ, ನಾ ಹೇಳಂಗಿಲ್ಲ. ಕಿಟಕಿ ಬಲ್ಲಿ ನಿಂತಾರಲ್ಲ, ಅವರದು ಮಾತ್ರ ನನಗ ಗೊತ್ತಿಲ್ಲ.”

ಟೈಲರಮ್ಮ ನಕ್ಕರು. ನಗುತ್ತಲೇ ಗಲ್ಲ ಮುಂದೆ ತಂದು ಕೂತರು.

ಎರಡೂ ಕಣ್ಣು ಸೋರುತ್ತಿದ್ದವು. ಆಸ್ಪತ್ರೆಯಲ್ಲಿ ಡಾಕ್ಟರು, “ಇನ್ನು ಸ್ವಲ್ಪ ಬಿಟ್ಟಿದ್ರೆ ಕಷ್ಟ ಇತ್ತು. ಯಾರು ಕಳಿಸಿದ್ದು?” ಅಂದರಂತೆ. ಇಂಜೆಕ್ಷನ್ನು, ಲೇಸರು, ಸಕ್ಕರೆಗೆ ಸರಿಯಾದ ಮಾತ್ರೆ, ಹೊಸ ಕನ್ನಡಕ. ಕೆಲವು ತಿಂಗಳು ಹಿಡಿಯಿತು. ಒಂದು ಬೆಳಿಗ್ಗೆ ನಾನು ಹಾಲಿಗೆ ಇಳಿದಾಗ ಸೂಜಿಗಳೆಲ್ಲಕ್ಕೂ ದಾರ ಪೋಣಿಸಿತ್ತು. ಹಾಲಿನ ಪಾಕೆಟ್ಟು ಹಿಡಿದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ.

ಆ ಸಂಜೆ ಟೈಲರಮ್ಮ ಕೂಗುತ್ತಾ ಮೇಲೆ ಬಂದರು. “ಅಣ್ಣಾ! ನಾನೇನ್ ಹೊಲಿದಿದ್ದೀನಿ ನೋಡಿದ್ರಾ?”

ಸರಿಯಾದ ಕಣ್ಣಿನಲ್ಲಿ ಮೊದಲ ಬಾರಿ ಬೀದಿಗೆ ಇಳಿದಿದ್ದರು. ಕಣ್ಣು ಮಂಜಾಗಿದ್ದ ಒಂದು ವರ್ಷದಲ್ಲಿ ಹೊಲಿದ ಬ್ಲೌಸುಗಳು ಎದುರಿಗೆ ಓಡಾಡುತ್ತಿದ್ದವು. ಎಡತೋಳು ಬಲತೋಳಿಗಿಂತ ಎರಡು ಬೆರಳು ಉದ್ದ. ಬೆನ್ನಿನ ಕತ್ತು ಒಂದು ಕಡೆ ಜಾರಿ ಓರೆ. ನಾನು ದಿನಾ ನೋಡಿದ್ದೆ, ನನಗೆ ಬ್ಲೌಸಿನ ವಿಷಯ ಏನು ಗೊತ್ತು?

“ಮಾನ ಹೋಯ್ತು. ಎಲ್ಲಾ ವಾಪಸ್ ಇಸ್ಕೊಂಡು ಬಿಚ್ಚಿ ಹೊಲಿದು ಕೊಡ್ಬೇಕು. ಬನ್ನಿ ನನ್ ಜೊತೆ” ಎಂದು ನನ್ನ ಕೈಗೆ ಒಂದು ದೊಡ್ಡ ಚೀಲ ಕೊಟ್ಟರು.

ಮೊದಲ ಮನೆ. ಬಾಗಿಲು ತೆಗೆದಾಕೆ, “ವಾಪಸ್ ಯಾಕೆ ಕೊಡ್ಲಿ? ಇದು ನಿಮ್ ಹೊಸ ಡಿಸೈನ್ ಅಲ್ವಾ?” ಅಂದರು.

“ಡಿಸೈನ್ ಅಲ್ಲ ಕಣಮ್ಮ, ತೋಳು ಹೆಚ್ಚುಕಮ್ಮಿ ಆಗಿದೆ!”

“ಗೊತ್ತು. ಅದೇ ಚೆನ್ನಾಗಿರೋದು. ನಮ್ ನಾದಿನಿ ನಾಗಸಂದ್ರದಿಂದ ದಿನಾ ಫೋನ್ ಮಾಡಿ ಕೇಳ್ತಾಳೆ, ಯಾರು ಹೊಲಿದಿದ್ದು ಅಂತ. ನಾನು ಹೇಳಿಲ್ಲ.”

ಎರಡನೆಯ ಮನೆಯಲ್ಲೂ ಕೊಡಲಿಲ್ಲ. ಮೂರನೆಯ ಮನೆಯಲ್ಲಿ ಇನ್ನೂ ಎರಡು ಪೀಸು ಕೊಟ್ಟು, “ಹಂಗೇ ಓರೆ ಬರ್ಬೇಕು, ನೇರ ಮಾಡ್ಬಿಡ್ಬೇಡಿ” ಅಂದರು. ಖಾಲಿ ಚೀಲ ತುಂಬತೊಡಗಿತು. ಕೊನೆಗೆ ಬ್ಯಾಟರಾಯನಪುರದ ಮುಖ್ಯರಸ್ತೆಯಲ್ಲಿ ಒಂದು ದೊಡ್ಡ ಟೈಲರ್ ಅಂಗಡಿ. ಗಾಜಿನ ಹಿಂದೆ ಗೊಂಬೆ. ಗೊಂಬೆಯ ಬ್ಲೌಸಿಗೆ ಎಡತೋಳು ಎರಡು ಬೆರಳು ಉದ್ದ.

ಟೈಲರಮ್ಮ ಸೀದಾ ಒಳಗೆ ನುಗ್ಗಿದರು. “ಇದು ಯಾರ ಡಿಸೈನ್ ರೀ?”

“ನಮ್ದೇ ಮೇಡಂ,” ಅಂದ ಅಂಗಡಿಯವನು, ಎದೆ ಉಬ್ಬಿಸಿ. “ಈ ಕಟಿಂಗ್ ಯಾರಿಗೂ ಬರಲ್ಲ. ನಾವು ಮೂರು ತಿಂಗ್ಳು ಕಷ್ಟಪಟ್ಟು ಹಿಡಿದ್ವಿ.”

ಟೈಲರಮ್ಮ ಅವನನ್ನು ನೋಡಿದರು. ಗೊಂಬೆಯ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು, ಬೆನ್ನಿನ ಓರೆಯನ್ನು ಬೆರಳಿನಲ್ಲಿ ಅಳೆದು, “ಅರ್ಧ ಇಂಚು ತಪ್ಪಿದೆ ಕಣಪ್ಪ” ಅಂದು ಹೊರಗೆ ಬಂದರು.

ಈಗ ಅವರ ಅಂಗಡಿಯ ಮುಂದೆ ಸಾಲು ನಿಲ್ಲುತ್ತದೆ. ಎಲ್ಲರಿಗೂ ಓರೆ ಬ್ಲೌಸೇ ಬೇಕು. ಮೊನ್ನೆ ಬಗ್ಗಿ ಹೊಲಿಯುತ್ತಿದ್ದವರನ್ನು, “ಹೇಗಿದೆಯಮ್ಮ ಕಣ್ಣು?” ಎಂದು ಕೇಳಿದೆ. ತಲೆ ಎತ್ತದೆ ಬೈದರು: “ಚೆನ್ನಾಗಿರೋದಕ್ಕೇ ಬದುಕಿದೀನಿ ಅಣ್ಣ. ಕಣ್ಣು ಕಾಣದೆ ಇದ್ದಾಗ ಒಂದು ಗಂಟೇಲಿ ಸೊಟ್ಟ ಹೊಲೀತಿದ್ದೆ. ಈಗ ಅಷ್ಟೇ ಸೊಟ್ಟ ಬರ್ಬೇಕು ಅಂದ್ರೆ ನಾಲ್ಕು ಗಂಟೆ ಬೇಕು!”

ನಕ್ಕಿರಾ? ಸಾಕು. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ಕೆಳಗಿನ ಅಂಗಡಿಯಲ್ಲಿ ಸಕ್ಕರೆ ಕಾಯಿಲೆ ಇರುವವರು ಯಾರು ಎಂದು ನಿಮಗೆ ಗೊತ್ತು. ಅವರ ಕಣ್ಣಿನ ಒಳಗನ್ನು ಯಾರಾದರೂ ನೋಡಿ ಎಷ್ಟು ವರ್ಷವಾಯಿತು? ಅವರನ್ನು ಕರೆದುಕೊಂಡು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಣ್ಣಿನ ಕ್ಯಾಮೆರಾ ಇದೆಯೇ ಎಂದು ಕೇಳಿ. ಇದ್ದರೆ ನಿಮ್ಮ ಎದುರಿಗೇ ತೆಗೆಸಿ. ಇಲ್ಲವೆಂದರೆ ಯಾಕಿಲ್ಲ ಎಂದು ಕಾಗದದಲ್ಲಿ ಬರೆದುಕೊಟ್ಟು, ನಕಲಿಗೆ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕುವ ತನಕ ಕುರ್ಚಿ ಬಿಡಬೇಡಿ. ಇದನ್ನು ಮಡಚಿಡಿ, ಚಪ್ಪಲಿ ಮೆಟ್ಟಿಕೊಳ್ಳಿ, ಹೊರಡಿ.